ಬಯೋಹ್ಯಾಕಿಂಗ್ ಪ್ರಯೋಗ: ಸೋಮವಾರದಿಂದ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ 14 ದಿನ ನಮ್ಮ ಬಯೋಹ್ಯಾಕಿಂಗ್ ಪ್ರಯೋಗ. ಹೆಸರು ಕೇಳಿ ಗಾಬರಿ ಬೇಡ, ಚಿಪ್, ಇಂಜೆಕ್ಷನ್ ಏನೂ ಇಲ್ಲ. ಒಂದು ಅಭ್ಯಾಸ ಬದಲಿಸಿ, ದೇಹ ಏನನ್ನುತ್ತೆ ಅಂತ ಬರೆದಿಡೋದು, ಅಷ್ಟೇ.

ಮೊದಲ 3 ದಿನ ಏನೂ ಬದಲಿಸದೆ, ಮಲಗಿದ್ದು, ಎದ್ದಿದ್ದು ಎಷ್ಟೊತ್ತಿಗೆ ಅಂತ ಬರೆಯಿರಿ. ಆಮೇಲೆ ಒಂದನ್ನು ಮಾತ್ರ ಆರಿಸಿ:
- ಎದ್ದ ಕೂಡಲೇ 10 ನಿಮಿಷ ಹೊರಗಿನ ಬೆಳಕು
- ಊಟದ ನಂತರ ಸಣ್ಣ ನಡಿಗೆ
- ಮಧ್ಯಾಹ್ನ 2ರ ಮೇಲೆ ಕಾಫಿ ಬಂದ್

ಕಾಫಿಯಲ್ಲಿ ನಿದ್ದೆ ಓಡಿಸುವ ಅಂಶವೇ ಕೆಫೀನ್; ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು 5 ಗಂಟೆ ಕಳೆದರೂ ಮೈಯಲ್ಲೇ ಇರುತ್ತೆ. (ಸಂಜೆ 6ರ ಲೋಟ ಬಿಟ್ಟ ಮೇಲೇ ನಾನು ನಂಬಿದ್ದು!) ಮೂರನ್ನೂ ಒಟ್ಟಿಗೆ ಹಿಡಿದರೆ ಯಾವುದು ಕೆಲಸ ಮಾಡಿತು ಗೊತ್ತಾಗಲ್ಲ.

ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಉಪವಾಸ, ಸಪ್ಲಿಮೆಂಟ್‌ಗೆ ಕೈ ಹಾಕಬೇಡಿ.

ಸೇರುವವರು ಭಾನುವಾರ ರಾತ್ರಿ 8ರೊಳಗೆ ನಿಮ್ಮ ಆಯ್ಕೆ ಇಲ್ಲೇ ತಿಳಿಸಿ.