ಜಿಪ್ಸಿ ಮತ್ತೆ ಕೆಸರಿಗಿಳಿದಿದೆ, ಕೈ ಹಚ್ಚಿದವರಿಗೆಲ್ಲ ನಮಸ್ಕಾರ

ನಮ್ಮ ಹಳೇ ಮಾರುತಿ ಜಿಪ್ಸಿ ಕಿಂಗ್ ಜೀಪಿನ ನೋಂದಣಿ ಇನ್ನೈದು ವರ್ಷಕ್ಕೆ ನವೀಕರಣವಾಯಿತು. ಸಕಲೇಶಪುರ ಕಡೆಯ ಎಸ್ಟೇಟ್ ದಾರಿಗಳಲ್ಲಿ ಒಂದು ಮಳೆಗಾಲವನ್ನೂ ಕಳೆಯಿತು. ಫೋಟೋ ನೋಡಿದವರು ಕೇಳುವುದು ಒಂದೇ: ‘ಟಯರ್ ಯಾಕೆ ದೊಡ್ಡದು ಹಾಕಿಸಿಲ್ಲ?’ ಅದಕ್ಕೆ ಆಮೇಲೆ ಬರೋಣ. ಫೋಟೋದಲ್ಲಿ ಕಾಣದ ಕೆಲಸ ಮಾಡಿದವರಿಗೆ ಮೊದಲು ಋಣ ಸಂದಾಯವಾಗಲಿ.

ಟಿಂಕರಿಂಗ್ ಭಾಯ್, ನಿಮಗೆ ಮೊದಲ ಸಲಾಂ. ಜಿಪ್ಸಿಗೆ ತುಕ್ಕು ಹತ್ತುವುದು ಕಣ್ಣಿಗೆ ಬೀಳುವ ಜಾಗದಲ್ಲಲ್ಲ. ಮ್ಯಾಟ್ ಅಡಿಯ ಫ್ಲೋರ್, ವಿಂಡ್‌ಶೀಲ್ಡ್ ಫ್ರೇಮಿನ ಕೆಳ ಅಂಚು, ಹಿಂದಿನ ಶ್ಯಾಕಲ್ (ಸ್ಪ್ರಿಂಗ್ ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಅಲುಗುವ ಕೊಂಡಿ) ಕೂರುವ ಚಾಸಿ ತುದಿ, ಈ ಮೂರೂ ಕಡೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಕ್ಕೇ ಹೋಗುತ್ತಿತ್ತು. ನೀವು ಪುಟ್ಟಿ ಮೆತ್ತಲಿಲ್ಲ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿದಿರಿ. ಫ್ಲೋರಿಗೆ 18 ಗೇಜ್, ಅಂದರೆ 1.2 ಮಿ.ಮೀ. ಶೀಟ್ ಹಾಕಿದಿರಿ. ಚಾಸಿಗೆ 3 ಮಿ.ಮೀ. ಪ್ಲೇಟನ್ನು ಶಂಕರಪೋಳಿ ಆಕಾರಕ್ಕೆ ಕತ್ತರಿಸಿ ಬೆಸೆದಿರಿ. ವೆಲ್ಡಿನ ಗೆರೆ ಚಾಸಿಗೆ ಅಡ್ಡಲಾಗಿ ನೇರ ನಿಂತರೆ, ಗಾಡಿ ತಿರುಚಿದಾಗ ಅದೇ ಗೆರೆಗುಂಟ ಬಿರುಕು ಏಳುತ್ತದೆ. ಗೆರೆ ಓರೆಯಾದರೆ ಒತ್ತಡ ಹಂಚಿಹೋಗುತ್ತದೆ. ವೆಲ್ಡಿಂಗಿಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿಯನ್ನೂ ಇಸಿಯು (ಇಂಜಿನ್ ಕಂಪ್ಯೂಟರ್) ಕನೆಕ್ಟರನ್ನೂ ಬಿಚ್ಚಿಟ್ಟಿದ್ದಕ್ಕೆ, ಚಾಸಿಯ ನೀರು ಇಳಿಯುವ ತೂತುಗಳನ್ನು ಮುಚ್ಚದೆ ಬಿಟ್ಟಿದ್ದಕ್ಕೆ ಬೇರೆಯೇ ವಂದನೆ.

ಇನ್ನು ಸ್ಟೇರಿಂಗ್. 60ರ ವೇಗದಲ್ಲಿ ಒಂದು ಗುಂಡಿಗೆ ಬಿದ್ದರೆ ಸಾಕು, ಮುಂದಿನ ಚಕ್ರಗಳು ದೆವ್ವ ಹೊಕ್ಕಂತೆ ಒದರಾಡುತ್ತಿದ್ದವು. ‘ಸ್ಟೇರಿಂಗಿನ ನಡುಕ ತಡೆಯುವ ಡ್ಯಾಂಪರ್ ಬದಲಿಸಿ, ಸರಿಹೋಗುತ್ತೆ’ ಅಂದವರೇ ಹೆಚ್ಚು. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ರೋಗ ಇರುವುದು ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ, ಅಂದರೆ ಕಿಂಗ್‌ಪಿನ್‌ನ ಬೇರಿಂಗಿನಲ್ಲಿ ಎಂದು ಹಿಡಿದ ಮೇಸ್ತ್ರಿಗೆ ದೊಡ್ಡ ನಮಸ್ಕಾರ. ಆ ಕೀಲಿನ ಮೇಲೆ ಚಕ್ರದ ಜೊತೆ ತಿರುಗುವ ಗಂಟು, ಅಂದರೆ ನಕಲ್‌ನ (knuckle) ಹೊರಸೀಲು ಹರಿದರೆ ಕೆಸರುನೀರು ಒಳಹೊಕ್ಕು ಗ್ರೀಸನ್ನು ತೊಳೆದುಬಿಡುತ್ತದೆ. ಚಕ್ರ ಹೆಚ್ಚಿನ ಹೊತ್ತು ನೇರಕ್ಕೇ ನಿಲ್ಲುವುದರಿಂದ ರೋಲರ್‌ಗಳು ಒಂದೇ ಜಾಗದಲ್ಲಿ ಕಚ್ಚು ಮಾಡುತ್ತವೆ. ಒಂದೊಂದು ಬದಿಗೆ ಎರಡರಂತೆ ನಾಲ್ಕು ಬೇರಿಂಗ್, ಹೊರಸೀಲು, ಒಳಗಿನ ಆಕ್ಸಲ್ ಆಯಿಲ್ ಸೀಲು, ಎಲ್ಲವೂ ಒಟ್ಟಿಗೇ ಹೊಸದಾದವು. ಒಳಸೀಲು ಹಳತೇ ಇದ್ದರೆ ಡಿಫರೆನ್ಶಿಯಲ್ ಆಯಿಲ್ ನಕಲ್‌ಗೆ ಇಳಿದು ಹೊಸ ಗ್ರೀಸನ್ನು ಗಂಜಿ ಮಾಡುತ್ತದೆ.

ಬೇರಿಂಗ್ ಬದಲಿಸಿ ಬೋಲ್ಟ್ ಬಿಗಿದರೆ ಮುಗಿಯಿತು ಅಂದುಕೊಳ್ಳುವವರಿಗೆ ಒಂದು ಮಾತು: ಅಸಲು ಕೆಲಸ ಸಂದಿ ಸರಿಮಾಡಲು ಇಡುವ ತೆಳು ತಗಡಿನಲ್ಲಿ, ಅಂದರೆ ಶಿಮ್‌ನಲ್ಲಿದೆ. ಹೊರಸೀಲು ಹಾಕುವ ಮುಂಚೆ, ಎರಡೂ ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು. 1ರಿಂದ 1.8 ಕೆ.ಜಿ. ಒಳಗೆ ನಕಲ್ ಅಲುಗಲು ಶುರುವಾಗಬೇಕು. ಅದಕ್ಕಿಂತ ಹಗುರವಾದರೆ ಒಂದು ಶಿಮ್ ತೆಗೆಯಬೇಕು, ಬಿಗಿಯಾದರೆ ಒಂದು ಸೇರಿಸಬೇಕು. ಮೆಣಸಿನ ಚೀಲ ತೂಗುವ ತಕ್ಕಡಿಯಲ್ಲಿ ಇಷ್ಟು ಸಣ್ಣ ತೂಕ ಕಾಣುವುದೇ ಇಲ್ಲ. ಚಿಕ್ಕ ತಕ್ಕಡಿ ಕೊಟ್ಟ ಮೀನಂಗಡಿ ಅಕ್ಕನಿಗೆ ಶರಣು.

ಪಾಟಾ (ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ) ಅಂಗಡಿಯ ಅಣ್ಣ, ಉದ್ದ ಶ್ಯಾಕಲ್ ಹಾಕಿ ಎಂದು ನಾವು ಸುಮ್ಮನೆ ನಿಮ್ಮ ತಲೆ ತಿಂದಿದ್ದೆವು, ಕ್ಷಮೆ ಇರಲಿ. ಉದ್ದ ಶ್ಯಾಕಲ್ ಹಾಕಿ ಗಾಡಿ ಎತ್ತುವುದು ಅಗ್ಗದ ದಾರಿ. ಆದರೆ ಶ್ಯಾಕಲ್ 2 ಇಂಚು ಉದ್ದವಾದರೆ ಗಾಡಿ ಏಳುವುದು 1 ಇಂಚು ಮಾತ್ರ. ಮೇಲಾಗಿ ಜಿಪ್ಸಿಯ ಮುಂದಿನ ಶ್ಯಾಕಲ್ ಪಾಟಾದ ಮುಂತುದಿಯಲ್ಲೇ ಇರುವುದರಿಂದ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಕೂತುಹೋದ ಪಾಟಾಗಳನ್ನೇ ಬಿಚ್ಚಿ, ಕಾಯಿಸಿ ಬಾಗಿಸಿ, ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಮಾಡಿಕೊಟ್ಟಿರಿ. ಹದ ಬಿಟ್ಟ ಪಾಟಾ ಬೇಗ ಮತ್ತೆ ಕೂರುತ್ತದೆ. ಪಾಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಎಂಟೂ ಹೊಸವು, ಒಮ್ಮೆ ಹಿಗ್ಗಿದ ಬೋಲ್ಟ್ ಮತ್ತೆ ಹಿಡಿತ ಕೊಡುವುದಿಲ್ಲ.

ಟಯರಿನ ಉತ್ತರ ಇಲ್ಲಿದೆ. ಕಂಪನಿ ಅಳತೆ 205/70 ಆರ್15, ಎತ್ತರ ಸುಮಾರು 668 ಮಿ.ಮೀ. ಎಲ್ಲರೂ ಹೇಳುವ 235/75 ಆರ್15 ಸುಮಾರು 734 ಮಿ.ಮೀ. ಹತ್ತಿರ ಹತ್ತಿರ ಶೇ. 10 ದೊಡ್ಡದು. ಹೆಚ್ಚುಕಡಿಮೆ ಅಷ್ಟೇ ಪಾಲು ಎಳೆತ ಕಡಿಮೆಯಾಗುತ್ತದೆ, 1.3 ಲೀಟರ್ ಇಂಜಿನಿಗೆ ಅದು ಸಣ್ಣ ಭಾರವಲ್ಲ. ಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಆಕ್ಸಲ್ ಏಳುವುದು ಬರೀ 33 ಮಿ.ಮೀ. ಕಂಪನಿ ಅಳತೆಯಲ್ಲೇ ಕೆಸರಲ್ಲಿ ಹಿಡಿತ ಕೊಡುವ ಕಚ್ಚುಗಳ ಟಯರ್ ಹುಡುಕಿಕೊಟ್ಟ ಟಯರ್ ಅಂಗಡಿಯವರಿಗೆ ವಂದನೆ.

ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ನೇತಾಡುವ ಮೂರು ರಬ್ಬರ್ ಮೌಂಟ್‌ಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಕಳಿಸಿದವರಿಗೂ ಧನ್ಯವಾದ. ಒಂದು ಹರಿದರೂ ಕ್ಲಚ್ ಬಿಟ್ಟಾಗ ‘ಟಣ್’ ಅನ್ನುತ್ತದೆ.

ಗ್ಯಾರೇಜಿನ ಹುಡುಗ, ನಿನ್ನ ಐಡಿಯಾ ಇಡೀ ಪಟ್ಟಿಯಲ್ಲೇ ಅಗ್ಗದ್ದು, ಉಳಿಸಿದ್ದು ಹೆಚ್ಚು. ಬಿಸಿ ಆಕ್ಸಲ್ ಹಳ್ಳದ ನೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಆಕ್ಸಲ್ ಉಸಿರಾಡುವ ತೂತಾದ ಬ್ರೀದರ್‌ನಿಂದಲೋ ಸೀಲಿನ ಸಂದಿಯಿಂದಲೋ ನೀರು ಎಳೆದುಕೊಳ್ಳುತ್ತದೆ, ಆಯಿಲ್ ಹಾಲು ಬೆರೆಸಿದ ಚಹಾ ಆಗುತ್ತದೆ. ಎರಡೂ ಬ್ರೀದರ್‌ಗೆ ಪೆಟ್ರೋಲ್ ಪೈಪ್ ಸಿಕ್ಕಿಸಿ ಬಾನೆಟ್ ಒಳಗೆ ಎತ್ತರಕ್ಕೆ ತಂದೆಯಲ್ಲ, ಮಳೆಗಾಲ ಮುಗಿದು ಬಿಚ್ಚಿದಾಗ ಮುಂದಿನ 2 ಲೀಟರ್, ಹಿಂದಿನ 1.5 ಲೀಟರ್ ಆಯಿಲ್ ಎರಡೂ ತಿಳಿಯಾಗಿಯೇ ಇದ್ದವು.

ಆರ್‌ಟಿಒ ಇನ್‌ಸ್ಪೆಕ್ಟರ್ ಸಾಹೇಬರು ತಾಳ್ಮೆಯಿಂದ ನೋಡಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೂ ಗಾಡಿಗೂ ತಾಳೆಯಾಗಬೇಕು. ಅದಕ್ಕೇ ಇಂಜಿನ್ ಬದಲಿಸಲಿಲ್ಲ, ಮುಂದೆ ಕಬ್ಬಿಣದ ಬುಲ್ ಬಾರನ್ನೂ ಹಾಕಲಿಲ್ಲ. ಚಾಸಿ ನಂಬರಿನ ಜಾಗಕ್ಕೆ ಗ್ರೈಂಡರ್ ತಾಗಿಸದೆ ಬರೀ ವೈರ್ ಬ್ರಷ್ಷಿನಲ್ಲಿ ಉಜ್ಜಿದ ಭಾಯ್‌ಗೆ ಇದು ಎರಡನೇ ಸಲಾಂ. ಪೆನ್ಸಿಲ್ ಅಚ್ಚು ಸ್ಪಷ್ಟವಾಗಿ ಮೂಡಿತು.

ಪಾಟಾ ಅಣ್ಣ, ಯು-ಬೋಲ್ಟ್ ಇನ್ನೊಂದು ಸಲ ಬಿಗಿ ಮಾಡುವುದು ಬಾಕಿ ಇದೆ, ಭಾನುವಾರ ಬರುತ್ತೇವೆ. ಅಕ್ಕನ ತಕ್ಕಡಿಯೂ ಅವತ್ತೇ ವಾಪಸ್, ಗ್ರೀಸ್ ಒರೆಸಿಯೇ ಕೊಡುತ್ತೇವೆ.