ಗ್ರಿಟ್‌ವಿಕೆನ್‌ನಲ್ಲಿ ಇಳಿಯುವ ಮುಂಚೆ

ಎಲ್ಲರಿಗೂ ನಮಸ್ಕಾರ. ದಕ್ಷಿಣ ಅಟ್ಲಾಂಟಿಕ್‌ನ ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ನಾವು ಇಳಿಯುವುದು ಗ್ರಿಟ್‌ವಿಕೆನ್‌ ಎಂಬ ಹಳೆಯ ತಿಮಿಂಗಿಲ ಬೇಟೆ ಕೇಂದ್ರದಲ್ಲಿ. ಇದೇ ದ್ವೀಪದ ಇತರ ಪಾಳುಬಿದ್ದ ಕೇಂದ್ರಗಳಾದ ಸ್ಟ್ರಾಮ್‌ನೆಸ್, ಲೀತ್ ಕೂಡ ನೋಡಬಹುದಾ ಅಂತ ಕೆಲವರು ಕೇಳಿದ್ದೀರಿ. ಆಗುವುದಿಲ್ಲ. ಅಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ಇದೆ, ಗಾಳಿಗೆ ತಗಡು ಹಾರುತ್ತವೆ. 200 ಮೀಟರ್ ಒಳಗೆ ಬಿಡುವುದಿಲ್ಲ.

ನಾರ್ವೆಯ ಲಾರ್ಸೆನ್ 1904ರಲ್ಲಿ ಶುರು ಮಾಡಿದ ಗ್ರಿಟ್‌ವಿಕೆನ್ ಕೇಂದ್ರ 1960ರ ದಶಕದಲ್ಲಿ ಮುಚ್ಚಿತು. ಅಷ್ಟರಲ್ಲಿ ಈ ದ್ವೀಪದಲ್ಲಿ ಸುಮಾರು 1,75,000 ತಿಮಿಂಗಿಲಗಳನ್ನು ಕೊಯ್ದಿದ್ದರು. ಸೋಪಿಗೆ, ಮಾರ್ಗರೀನಿಗೆ ಎಣ್ಣೆ ಬೇಕಿತ್ತು. ಎಣ್ಣೆ ತೆಗೆಯುತ್ತಿದ್ದ, ಈಗ ತುಕ್ಕು ಹಿಡಿದ ದೊಡ್ಡ ಹಂಡೆಗಳ ಮುಂದೆ ನಿಂತಾಗ ಈ ಲೆಕ್ಕ ನೆನಪಿರಲಿ. ಸುಮ್ನೆ ಸೆಲ್ಫಿ ತೆಗೆದು ಬರುವ ಜಾಗ ಅಲ್ಲ ಇದು. ಹಂಪ್‌ಬ್ಯಾಕ್ ತಿಮಿಂಗಿಲಗಳು ಈಗ ಮತ್ತೆ ಈ ನೀರಿಗೆ ಬರುತ್ತಿವೆ. ನನಗಂತೂ ಅದೇ ದೊಡ್ಡ ಖುಷಿ.

ಅಂಟಾರ್ಕ್ಟಿಕ್ ಅನ್ವೇಷಕ ಶ್ಯಾಕಲ್‌ಟನ್ ಸಮಾಧಿ, 1913ರ ಚರ್ಚು, ಮ್ಯೂಸಿಯಂ ಎಲ್ಲ ನಡೆದೇ ನೋಡಬಹುದು.

ಇವತ್ತು ಸಂಜೆಯೇ ಬೂಟಿನ ತಳ, ಜೇಬು, ವೆಲ್ಕ್ರೋ ಬ್ರಷ್ ಹಾಕಿ ತಿಕ್ಕಿ. ಹೊರಗಿನ ಗಿಡದ ಒಂದು ಬೀಜವೂ ಉಳಿಯಬಾರದು, ಹೊರಗಿನ ಜೀವಿ ಯಾವುದೂ ಇಲ್ಲಿಗೆ ಬರಬಾರದು. ವರ್ಷಗಟ್ಟಲೆ ಕಷ್ಟಪಟ್ಟು ಇಲಿಗಳನ್ನು ತೊಲಗಿಸಿ, 2018ರಲ್ಲಿ ಇಲಿಮುಕ್ತ ಎಂದು ಘೋಷಿಸಿದ ದ್ವೀಪ ಇದು. ಫರ್ ಸೀಲ್ ಎಂಬ ಕಡಲ ಪ್ರಾಣಿಗಳು ಕಟ್ಟಡಗಳ ನಡುವೆಯೇ ಮಲಗಿರುತ್ತವೆ, ಕಚ್ಚುತ್ತವೆ, ದೂರ ಇರಿ. ಹಕ್ಕಿಜ್ವರದ ಭಯ ಇದೆ. ಅದಕ್ಕೇ ನೆಲದ ಮೇಲೆ ಕೂರಬೇಡಿ, ಬ್ಯಾಗೂ ಇಡಬೇಡಿ.