ಗುಲ್ಮಾರ್ಗ್‌ಗೆ ಹೊರಟವರಿಗೆ: ಮುಖ, ಕುತ್ತಿಗೆ ಮುಚ್ಚುವ ಬಟ್ಟೆ ಬಗ್ಗೆ

ಎಲ್ಲರಿಗೂ ನಮಸ್ಕಾರ. ಸ್ಕೀ ಮಾಡುವಾಗ ಉಣ್ಣೆ ಮಫ್ಲರ್, ಮಂಕಿ ಟೋಪಿ ಬೇಡ. ಒರಟು ಉಣ್ಣೆ ಕುತ್ತಿಗೆಗೆ ಉಜ್ಜಿ ಚರ್ಮ ಕೆಂಪಾಗುತ್ತದೆ. ಮೆರಿನೋ (ನಯವಾದ ತೆಳು ಉಣ್ಣೆ) ಅಥವಾ ಮೆತ್ತನೆ ಪಾಲಿಯೆಸ್ಟರ್‌ನ ನೆಕ್ ಗೇಟರ್ (ಕುತ್ತಿಗೆಯಿಂದ ಮೂಗಿನವರೆಗೆ ಎಳೆದುಕೊಳ್ಳುವ ಕೊಳವೆಯಂಥ ಬಟ್ಟೆ) ಎರಡು ತನ್ನಿ. ಎರಡೇಕೆ ಅಂದರೆ, ನಮ್ಮ ಉಸಿರಿನ ಆವಿಯೇ ಬಟ್ಟೆಯನ್ನು ಒದ್ದೆ ಮಾಡುತ್ತದೆ. ಗೊಂಡೋಲಾ (ಕೇಬಲ್ ಕಾರ್) ಹತ್ತಿ ಅಫರ್ವಟ್ ಬೆಟ್ಟದಲ್ಲಿ ಸುಮಾರು 4,000 ಮೀಟರ್ ಎತ್ತರಕ್ಕೆ ಹೋದಾಗ ಅದು ಹೆಪ್ಪುಗಟ್ಟಿ ಗದ್ದ ತರಚುತ್ತದೆ. ಊಟಕ್ಕೆ ನಿಂತಾಗ ಬದಲಿಸಿ. ಹೊಸದನ್ನು ಒಮ್ಮೆ ಒಗೆದೇ ಹಾಕಿಕೊಳ್ಳಿ, ಘಮಘಮ ಕಂಡೀಷನರ್ ಬೇಡ.

ಬೆಳಿಗ್ಗೆ ಮೊದಲು ಸನ್‌ಸ್ಕ್ರೀನ್, ಅದು ಹೀರಿದ ಮೇಲೆ ಮೂಗು, ಕೆನ್ನೆಗೆ ತೆಳ್ಳಗೆ ವ್ಯಾಸಲೀನ್. ಶೇವಿಂಗ್ ಹಿಂದಿನ ರಾತ್ರಿಯೇ ಮುಗಿಸಿ. ಸಂಜೆ ಮುಖಕ್ಕೆ ಸುಡುನೀರು ಬೇಡ, ಎಷ್ಟೇ ಆಸೆಯಾದರೂ!

ಚರ್ಮ ಬಿಳಿಚಿ ಮರಗಟ್ಟಿದರೆ ಅದು ಬರೀ ತುರಿಕೆಯ ವಿಷಯವಲ್ಲ. ಉಜ್ಜಬೇಡಿ, ತಕ್ಷಣ ಬೆಚ್ಚಗಿನ ಜಾಗಕ್ಕೆ ಬಂದು ತರಬೇತುದಾರರಿಗೆ ತಿಳಿಸಿ.